ಕಂಟ್ರಿ ರೋಡ್ಸ್ ಹಾಡು ಕಂಟ್ರಿ ಚಾರ್ಟಲ್ಲಿ ಬರೀ 50ನೇ ನಂಬರಾ? ರಿಸೆಪ್ಶನ್ ನಿರೂಪಣೆಗೆ ಬೇಕಿತ್ತು

ಕೀಬೋರ್ಡ್_ದಾವಣಗೆರೆ

ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆಲಿ ಒಂದು ಚಿಕ್ಕ ಆರ್ಕೆಸ್ಟ್ರಾ ಟೀಮು, ಮದುವೆ, ರಿಸೆಪ್ಶನ್, ಗಣೇಶನ ಹಬ್ಬ, ಕಾಲೇಜ್ ಡೇ ಎಲ್ಲಾ ಮಾಡ್ತೀವಿ, ಅಣ್ಣಾವ್ರ ಹಾಡಿಂದ ಶುರು ಆಗಿ ಕೊನೆಗೆ ಡ್ಯಾನ್ಸ್ ನಂಬರಿಗೆ ಮುಗಿಯೋದು ನಮ್ಮ ಲಿಸ್ಟು. ಈಗ ಬರೋ ತಿಂಗ್ಳು ಒಂದು ರಿಸೆಪ್ಶನ್ ಐತೆ, ಹುಡುಗ ಇಲ್ಲೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವ್ನು, ಅವ್ನ ಹಾಸ್ಟೆಲ್ ಗ್ಯಾಂಗ್ ಪೂರ್ತಿ ಬರ್ತೈತಂತೆ, ಅವ್ರಿಗೆ ಜಾನ್ ಡೆನ್ವರ್ ಹಾಡಿರೋ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಬೇಕೇ ಬೇಕು ಅಂತ ಅಡ್ವಾನ್ಸ್ ಕೊಡೋವಾಗ್ಲೇ ಹೇಳವ್ರೆ.

ಹಾಡೇನೋ ಹಾಡ್ತೀವಿ. ತಕರಾರು ಬಂದಿರೋದು ನಿರೂಪಣೆಲಿ. ನಮ್ಮ ನಿರೂಪಕಿ "ಅಮೆರಿಕದ ಕಂಟ್ರಿ ಚಾರ್ಟಲ್ಲಿ ನಂಬರ್ ಒನ್ ಆಗಿ ಮೆರೆದ ಹಾಡು" ಅಂತ ಬರ್ಕೊಂಡವ್ಳೆ. ಕಂಟ್ರಿ ಅಂದ್ರೆ ಅಮೆರಿಕದ ಹಳ್ಳಿ ಕಡೆ ಧಾಟಿ ಸಂಗೀತ, ಚಾರ್ಟ್ ಅಂದ್ರೆ ಯಾವ ಹಾಡು ಎಷ್ಟು ಓಡ್ತೈತೆ ಅನ್ನೋ ಪಟ್ಟಿ. ನಮ್ಮ ರಿದಮ್ ಪ್ಯಾಡ್ ಹುಡ್ಗ ಮೊಬೈಲ್ ತೆಗೆದು ನೋಡಿ, ಅಕ್ಕಾ ಅದು ನಂಬರ್ ಒನ್ನೂ ಅಲ್ಲ ಏನೂ ಅಲ್ಲ, ಕಂಟ್ರಿ ಚಾರ್ಟಲ್ಲಿ 50ನೇದು ಅಂದ. ಇನ್ನೊಂದು ಕಡೆ ನೋಡಿದ್ರೆ 2ನೇ ಸ್ಥಾನ ಅಂತೈತೆ. ಹೆಸರಲ್ಲೇ ಕಂಟ್ರಿ ಐತೆ, ಪ್ರಪಂಚದಲ್ಲಿ ಯಾರನ್ನ ಕೇಳಿದ್ರೂ ಕಂಟ್ರಿ ಹಾಡು ಅಂದ್ರೆ ಇದನ್ನೇ ಗುನುಗ್ತಾರೆ, ಅಂಥದ್ದು ಅವ್ರ ಚಾರ್ಟಲ್ಲೇ 50 ಅಂದ್ರೆ ಹೆಂಗೆ? ಯಾವುದು ಖರೆ? ಗೊತ್ತಿರೋರು ಬಿಡಿಸಿ ಹೇಳ್ರಪ್ಪ. ಹಂಗೇ ಲೈವ್ ನುಡಿಸಿದೋರು ಇದ್ರೆ ಸ್ಕೇಲ್ ಬಗ್ಗೆನೂ ಹೇಳಿ.

ಕೋಟೆ_ಬತೇರಿ

ಎರಡೂ ಖರೆನೇ ಕಣಪ್ಪ. ನಿಮ್ಮ ರಿದಮ್ ಪ್ಯಾಡ್ ಹುಡ್ಗನಿಗೆ ಒಂದು ಬೆಣ್ಣೆ ದೋಸೆ ಕೊಡ್ಸಿ.

ಅಮೆರಿಕದಲ್ಲಿ ಬಿಲ್‌ಬೋರ್ಡ್ ಅಂತ ಪತ್ರಿಕೆ ಐತಲ್ಲ, ಅದು ಒಂದೇ ಪಟ್ಟಿ ಮಾಡಲ್ಲ, ಸುಮಾರು ಪಟ್ಟಿ ಮಾಡ್ತೈತೆ. ಎಲ್ಲಾ ಥರದ ಹಾಡು ಸೇರ್ಸಿ ಮಾಡೋದು ಹಾಟ್ 100, ಅದು 1958ರಲ್ಲಿ ಶುರುವಾಗಿದ್ದು. ಕಂಟ್ರಿಗೆ ಬೇರೆ ಪಟ್ಟಿ. ಕಂಟ್ರಿ ರೋಡ್ಸ್ ಸಿಂಗಲ್ಲು, ಅಂದ್ರೆ ಬಿಡಿ ಹಾಡಿನ ರೆಕಾರ್ಡು, 1971ರ ಏಪ್ರಿಲಲ್ಲಿ ಬಂತು, ಮೊದ್ಲು ಏನೂ ಅಂಥ ಸದ್ದು ಮಾಡ್ಲಿಲ್ಲ, ನಿಧಾನಕ್ಕೆ ಮೇಲೇರಿ ಆಗಸ್ಟ್ ಕೊನೆಗೆ ಹಾಟ್ 100ರಲ್ಲಿ 2ನೇ ಸ್ಥಾನಕ್ಕೆ ಬಂತು. ಆ ವಾರ ಮೇಲೆ ಕೂತಿದ್ದು ಬೀ ಜೀಸ್ ಅವ್ರ 'ಹೌ ಕ್ಯಾನ್ ಯೂ ಮೆಂಡ್ ಎ ಬ್ರೋಕನ್ ಹಾರ್ಟ್'. ಅದು ಅಡ್ಡ ಇರ್ಲಿಲ್ಲ ಅಂದಿದ್ರೆ ನಿಮ್ಮ ನಿರೂಪಕಿ ಬರೆದಿದ್ರಲ್ಲಿ ನಂಬರ್ ಒನ್ ಅನ್ನೋ ಅರ್ಧನಾದ್ರೂ ಉಳೀತಿತ್ತು. ಆದ್ರೆ ಇದೇ ಹಾಡು ಕಂಟ್ರಿ ಪಟ್ಟಿಲಿ 50 ದಾಟ್ಲಿಲ್ಲ.

ಯಾಕೆ ಅಂದ್ರೆ, ಪಟ್ಟಿ ಹಾಡನ್ನ ಅಳೆಯಲ್ಲ, ಯಾರು ಹಾಕಿದ್ರು ಯಾರು ಕೊಂಡ್ರು ಅನ್ನೋದನ್ನ ಅಳೀತೈತೆ. ಭೀಮಸಮುದ್ರದ ಮಂಡಿಗೆ ಹೋಗದೇ ಇರೋ ಅಡಿಕೆಗೆ ಭೀಮಸಮುದ್ರದಲ್ಲಿ ರೇಟು ಬರಲ್ಲ, ಅಡಿಕೆ ಎಷ್ಟೇ ಚೆನ್ನಾಗಿರ್ಲಿ, ಅಷ್ಟೇ. ಆ ಕಾಲದ ಕಂಟ್ರಿ ಪಟ್ಟಿ ಅಂದ್ರೆ ಕಂಟ್ರಿ ರೇಡಿಯೋ ಸ್ಟೇಷನ್‌ಗಳು ಏನು ಹಾಕ್ತಾವೆ, ಕಂಟ್ರಿ ರೆಕಾರ್ಡ್ ಜಾಸ್ತಿ ಮಾರೋ ಅಂಗಡಿಗಳಲ್ಲಿ ಏನು ಹೋಗ್ತೈತೆ ಅನ್ನೋದು. ಆ ಸ್ಟೇಷನ್ನೋರ ಕಣ್ಣಲ್ಲಿ ಡೆನ್ವರ್ ಕಂಟ್ರಿ ಗಾಯಕನೇ ಅಲ್ಲ, ದುಂಡು ಕನ್ನಡಕ ಹಾಕ್ಕೊಂಡು ಗಿಟಾರ್ ಹಿಡ್ಕೊಂಡು ಕಾಫಿ ಹೌಸಲ್ಲಿ ಹಾಡೋ ಫೋಕ್ ಹುಡ್ಗ. ಹಾಡಿನ ಹೆಸರಲ್ಲಿ ಕಂಟ್ರಿ ಅಂತ ಇದ್ರೆ ಅವ್ರಿಗೇನು.

ಇನ್ನೂ ಮಜಾ ಏನಂದ್ರೆ ಇದನ್ನ ಬರೆದೋರು ಬಿಲ್ ಡ್ಯಾನೋಫ್, ಟ್ಯಾಫಿ ನಿವರ್ಟ್ ಅನ್ನೋ ಜೋಡಿ, ಡೆನ್ವರ್ ಜೊತೆ ಸೇರಿ ಮುಗ್ಸಿದ್ದು. ಹಾಡು ಹೊಗಳೋದು ವೆಸ್ಟ್ ವರ್ಜೀನಿಯಾ ರಾಜ್ಯನ, ಆದ್ರೆ ಐಡಿಯಾ ಬಂದಿದ್ದು ಪಕ್ಕದ ಮೇರಿಲ್ಯಾಂಡಲ್ಲಿ ಕ್ಲಾಪರ್ ರೋಡ್ ಅನ್ನೋ ರಸ್ತೆಲಿ ಗಾಡಿ ಓಡ್ಸೋವಾಗ. 1970ರ ಡಿಸೆಂಬರ್ ಕೊನೆಲಿ ವಾಷಿಂಗ್ಟನ್ನಿನ ಸೆಲ್ಲರ್ ಡೋರ್ ಅನ್ನೋ ಕ್ಲಬ್ಬಲ್ಲಿ ಡೆನ್ವರ್ ಪ್ರೋಗ್ರಾಮ್ ಇತ್ತು, ಇವ್ರು ಅವ್ನಿಗಿಂತ ಮುಂಚೆ ಹಾಡೋ ಟೀಮು. ರಾತ್ರಿ ಇವ್ರ ಮನೆಗೆ ಹೊರಟಾಗ ಡೆನ್ವರ್ ಕಾರು ಆಕ್ಸಿಡೆಂಟ್ ಆಗಿ ಹೆಬ್ಬೆರಳು ಮುರೀತು, ಆಸ್ಪತ್ರೆಗೆ ಹೋಗಿ ಕಟ್ಟಿಸ್ಕೊಂಡು ಮತ್ತೆ ಅವ್ರ ಮನೆಗೇ ಬಂದ, ಅರ್ಧ ಮುಗ್ದಿದ್ದ ಹಾಡನ್ನ ಅವ್ರು ಕೇಳ್ಸಿದ್ರು, ಬೆಳಗಾಗೋದ್ರೊಳಗೆ ಮೂರೂ ಜನ ಕೂತು ಮುಗ್ಸಿದ್ರು. ಅದಕ್ಕೂ ಮುಂಚೆ ಆ ಜೋಡಿಗೆ ಇದನ್ನ ಜಾನಿ ಕ್ಯಾಶ್ ಅನ್ನೋ ದೊಡ್ಡ ಕಂಟ್ರಿ ಗಾಯಕನಿಗೆ ಮಾರ್ಬೇಕು ಅಂತ ಇತ್ತಂತೆ. ಜಾನಿ ಕ್ಯಾಶ್ ಹಾಡಿದ್ರೆ ಆ 50 ಖಂಡಿತ 50 ಆಗಿರ್ತಿರ್ಲಿಲ್ಲ, ಅದು ನನ್ನ ಲೆಕ್ಕ. ಅದೇ ಹಾಡು, ಗಂಟಲು ಬೇರೆ, ಅಷ್ಟಕ್ಕೇ ಆ ಸ್ಟೇಷನ್ನೋರು ಬಾಗಿಲು ತೆಗೀತಿದ್ರು.

ಮಂಡಕ್ಕಿ_ಮೆಣಸಿನಕಾಯಿ

ಗುರು ರಿಸೆಪ್ಶನ್ನಿಗೆ ಬಂದೋರ ಕಣ್ಣು ಊಟದ ಹಾಲ್ ಬಾಗಿಲ ಮೇಲೆ ಇರ್ತೈತೆ, ನಿರೂಪಕಿ ನಂಬರ್ ಒನ್ ಅಂದ್ರೂ ನಂಬರ್ ಐನೂರು ಅಂದ್ರೂ ಯಾರೂ ಕೇಳಲ್ಲ. ಎರಡನೇ ಪಂಕ್ತಿ ಕರೆಯೋ ಹೊತ್ತಿಗೆ ಮಾತ್ರ ಈ ಹಾಡು ಇಟ್ಕೋಬೇಡ.

ಕೀಬೋರ್ಡ್_ದಾವಣಗೆರೆ

ಹಹ ಅದು ನಿಜ, ಆದ್ರೆ ಈ ಹಾಸ್ಟೆಲ್ ಗ್ಯಾಂಗ್ ಐತಲ್ಲ, ಕ್ವಿಜ್ ಕ್ವಿಜ್ ಅಂತ ತಿರುಗ್ತಿದ್ದ ಹುಡುಗ್ರು, ಸ್ಟೇಜ್ ಮುಂದೆನೇ ಕೂತು ತಪ್ಪು ಹಿಡೀತಾರೆ. ಬತೇರಿ ಸರ್ ಥ್ಯಾಂಕ್ಸ್. ಆದ್ರೆ ಒಂದು ಡೌಟು, ಹಂಗಾದ್ರೆ ಕಂಟ್ರಿ ಪಟ್ಟಿಲಿ ಮೇಲೆ ಇದ್ದ ಹಾಡುಗಳು ಹಾಟ್ 100ರಲ್ಲೂ ಮೇಲೆ ಇರ್ತಿದ್ವಾ?

ಹೊಳೆದಂಡೆ_ಹರಿಹರ

ಇಲ್ಲ ಬ್ರೋ, ಉಲ್ಟಾನೂ ಆಗ್ತಿತ್ತು. ಅದೇ 1971ರಲ್ಲಿ ಚಾರ್ಲಿ ಪ್ರೈಡ್ ಅವ್ರ 'ಕಿಸ್ ಆ್ಯನ್ ಏಂಜೆಲ್ ಗುಡ್ ಮಾರ್ನಿನ್' ಬಂತು, ಕಂಟ್ರಿ ಪಟ್ಟಿಲಿ ಐದು ವಾರ ನಂಬರ್ ಒನ್, ಹಾಟ್ 100ರಲ್ಲಿ 21ಕ್ಕೇ ನಿಂತು ಹೋಯ್ತು. ಅವ್ರ ಹಾಡುಗಳಲ್ಲೇ ಹಾಟ್ 100ರಲ್ಲಿ ಅಷ್ಟು ಮೇಲೆ ಹೋಗಿದ್ದು ಬೇರೆ ಇಲ್ಲ. ಅಂದ್ರೆ ಒಂದು ಮನೆಲಿ ರಾಜ ಇನ್ನೊಂದು ಮನೆಲಿ ನೆಂಟ.

ಇನ್ನೊಂದು ವಿಷ್ಯ ಸೇರಿಸ್ತೀನಿ, ಆಗ ಈ ಲೆಕ್ಕ ಹೆಂಗೆ ಹಾಕ್ತಿದ್ರು ಅನ್ನೋದು. ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ, ಅಂಗಡಿಯೋರ್ನ, ರೇಡಿಯೋದೋರ್ನ ಕೇಳೋದು, ಏನ್ ಓಡ್ತೈತೆ ನಿಮ್ಮಲ್ಲಿ ಅಂತ, ಅವ್ರು ಬಾಯಿಗೆ ಬಂದ ಕ್ರಮದಲ್ಲಿ ಹೇಳೋದು. ಅಂಗಡಿಯೋನಿಗೆ ರಾಕ್ ಇಷ್ಟ ಅಂದ್ರೆ ರಾಕೇ ಮೇಲೆ. 1991ರಲ್ಲಿ ಬಿಲ್‌ಬೋರ್ಡ್‌ನೋರು ಸೌಂಡ್‌ಸ್ಕ್ಯಾನ್ ಅಂತ ತಂದ್ರು, ಕೌಂಟರಲ್ಲಿ ಬಾರ್‌ಕೋಡ್ ಬೀಪ್ ಅಂದಿದ್ದಷ್ಟೇ ಲೆಕ್ಕ. ಆಗ ಬಿತ್ತು ನೋಡಿ ಎಲ್ರಿಗೂ ಶಾಕು. ಯಾರೂ ಮುಖ್ಯ ಅಂದ್ಕೊಂಡಿರದ ಕಂಟ್ರಿ ಆಲ್ಬಮ್ಮುಗಳು ಸುಮ್ಮನೆ ರಾಶಿ ರಾಶಿ ಮಾರಾಟ ಆಗ್ತಿದ್ವು. ಅದೇ ವರ್ಷ ಸೆಪ್ಟೆಂಬರಲ್ಲಿ ಗಾರ್ತ್ ಬ್ರೂಕ್ಸ್ ಅವ್ರ 'ರೋಪಿನ್ ದ ವಿಂಡ್' ಆಲ್ಬಮ್ ಪಟ್ಟಿಲಿ ನೇರ ನಂಬರ್ ಒನ್ನಿಗೇ ಇಳೀತು, ಕಂಟ್ರಿ ಆಲ್ಬಮ್ ಒಂದು ಮೊದಲ ವಾರವೇ ಅಲ್ಲಿ ಕೂತಿದ್ದು ಅದೇ ಮೊದಲು. ಕೇಳೋರು ರಾತ್ರೋರಾತ್ರಿ ಹುಟ್ಟಿದ್ದಲ್ಲ, ಅವ್ರನ್ನ ಎಣಿಸಿರ್ಲಿಲ್ಲ ಅಷ್ಟೇ. ಹಂಗಾಗಿ ಹಳೇ ಕಾಲದ ಯಾವ ಚಾರ್ಟ್ ನಂಬರ್ ಹೇಳಿದ್ರೂ ನಾನು ಸ್ವಲ್ಪ ಉಪ್ಪು ಹುಳಿ ನೋಡ್ಕೊಂಡೇ ನಂಬೋದು.

ಟೀಚರಮ್ಮ_ಹೊಳಲ್ಕೆರೆ

ಜಾನ್ ಡೆನ್ವರ್ ವಿಷ್ಯ ಬಂದ್ಮೇಲೆ 1975ರ ಕಥೆ ಹೇಳ್ದೆ ಇದ್ರೆ ಹೆಂಗ್ರೀ.

1971ರಲ್ಲಿ 50ನೇ ಸ್ಥಾನ ಕೊಟ್ಟ ಅದೇ ಕಂಟ್ರಿಯೋರು ಮೂರ್ನಾಲ್ಕು ವರ್ಷದಲ್ಲಿ ಇವ್ನನ್ನ ಒಳಗೆ ಬಿಟ್ಕೊಂಡ್ರು. 'ಬ್ಯಾಕ್ ಹೋಮ್ ಅಗೇನ್' ಕಂಟ್ರಿ ಪಟ್ಟಿಲಿ ನಂಬರ್ ಒನ್ ಆಯ್ತು, 1975ರಲ್ಲಿ 'ಥ್ಯಾಂಕ್ ಗಾಡ್ ಐಯಾಮ್ ಎ ಕಂಟ್ರಿ ಬಾಯ್', 'ಐಯಾಮ್ ಸಾರಿ' ಎರಡೂ ಎರಡೂ ಪಟ್ಟಿಲಿ ನಂಬರ್ ಒನ್. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ದು ದೊಡ್ಡ ಪ್ರಶಸ್ತಿ, ಎಂಟರ್‌ಟೇನರ್ ಆಫ್ ದ ಇಯರ್, ಇವ್ನಿಗೇ ಬಂತು. ಪ್ರಶಸ್ತಿ ಹೆಸರು ಓದೋಕೆ ಸ್ಟೇಜಿಗೆ ಬಂದವ್ರು ಹಿಂದಿನ ವರ್ಷ ಅದನ್ನ ಗೆದ್ದಿದ್ದ ಚಾರ್ಲಿ ರಿಚ್. ಕವರ್ ಬಿಚ್ಚಿದ್ರು, ಚೀಟಿ ನೋಡಿದ್ರು, ಜೇಬಿಂದ ಲೈಟರ್ ತೆಗೆದು ಚೀಟಿಗೆ ಬೆಂಕಿ ಹಚ್ಚಿ, ನನ್ನ ಗೆಳೆಯ ಜಾನ್ ಡೆನ್ವರ್ ಅಂದ್ರು! ಲೈವ್ ಟಿವಿಲಿ! ಡೆನ್ವರ್ ಅಲ್ಲಿರ್ಲಿಲ್ಲ, ಆಸ್ಟ್ರೇಲಿಯಾದಿಂದ ಸ್ಯಾಟಲೈಟಲ್ಲಿ ಥ್ಯಾಂಕ್ಸ್ ಹೇಳ್ತಿದ್ದ.

ಚಾರ್ಲಿ ರಿಚ್ ಯಾಕೆ ಹಂಗೆ ಮಾಡಿದ್ರು ಅಂತ ಜನ ಇವತ್ತಿಗೂ ಜಗಳ ಆಡ್ತಾರೆ, ಪಾಪ್ ಗಾಯಕರಿಗೆ ನಮ್ಮ ಪ್ರಶಸ್ತಿ ಯಾಕೆ ಅನ್ನೋ ಸಿಟ್ಟು ಅಂತ ಒಂದು ಪಾರ್ಟಿ, ಕುಡ್ದಿದ್ರು, ಔಷಧಿ ಬೇರೆ ತಗೊಂಡಿದ್ರು, ತಮಾಷೆ ಅಂತ ಮಾಡಿದ್ದು ಅಂತ ಇನ್ನೊಂದು ಪಾರ್ಟಿ. ನನಗೆ ನಗು ಬರೋದು ಬೇರೆದಕ್ಕೆ. ಈ ಚಾರ್ಲಿ ರಿಚ್ ಅವ್ರೇ 1973ರಲ್ಲಿ 'ದ ಮೋಸ್ಟ್ ಬ್ಯೂಟಿಫುಲ್ ಗರ್ಲ್' ಹಾಡಿಂದ ಎರಡೂ ಪಟ್ಟಿಲಿ ನಂಬರ್ ಒನ್ ಆಗಿದ್ದವ್ರು, ಪಿಟೀಲು ಗಿಟೀಲು ಹಿಂದೆ ಸಾಲಾಗಿ ನಿಲ್ಸಿ ಮೆತ್ತಗೆ ಹಾಡೋ ಅದೇ ಪಾಪ್ ದಾರಿಲೇ ಬಂದವ್ರು. ಬಸ್ಸಲ್ಲಿ ತಾನು ಹತ್ತಿದ್ಮೇಲೆ ಬಾಗಿಲು ಹಾಕ್ರೀ ಅನ್ನೋರು ಎಲ್ಲಾ ಊರಲ್ಲೂ ಇರ್ತಾರೆ ಬಿಡಿ.

1974ರಲ್ಲೇ ಇದರ ಸೂಚನೆ ಸಿಕ್ಕಿತ್ತು. ಆಸ್ಟ್ರೇಲಿಯಾದಲ್ಲಿ ಬೆಳೆದ ಒಲಿವಿಯಾ ನ್ಯೂಟನ್-ಜಾನ್‌ಗೆ ಅತ್ಯುತ್ತಮ ಕಂಟ್ರಿ ಗಾಯಕಿ ಅಂತ ಅದೇ ಅಸೋಸಿಯೇಷನ್ನೋರು ಪ್ರಶಸ್ತಿ ಕೊಟ್ಟಿದ್ದಕ್ಕೆ ಸಿಟ್ಟಾಗಿ ಹಳೇ ಗಾಯಕರು ಸೇರ್ಕೊಂಡು ಬೇರೆ ಸಂಘನೇ ಕಟ್ಟಿದ್ರು. ನಿಮ್ಮ ನಿರೂಪಕಿಗೆ ಹೇಳಿ, ನಂಬರ್ ಒನ್ ಅನ್ನೋದಕ್ಕಿಂತ ಈ ಚೀಟಿ ಸುಟ್ಟ ಕಥೆ ಹೇಳಿದ್ರೆ ಜನ ಕಿವಿ ಕೊಡ್ತಾರೆ.

ಬಿಪಿ_ರೋಡ್_ಬಾಯ್

ಟೀಚರ್ ಸೂಪರ್ ಸ್ಟೋರಿ 🔥 ಆದ್ರೆ ಇದು ಹಳೇ ಕಾಲದ ಜಗಳ ಅಂದ್ಕೋಬೇಡಿ, 2019ರಲ್ಲೂ ಸೇಮ್ ಟು ಸೇಮ್ ಆಯ್ತು. ಲಿಲ್ ನಾಸ್ ಎಕ್ಸ್ ಅವ್ನ 'ಓಲ್ಡ್ ಟೌನ್ ರೋಡ್', ಕುದುರೆ ಗಿದುರೆ ಬೂಟು ಎಲ್ಲಾ ಇಟ್ಕೊಂಡು ಟ್ರ್ಯಾಪ್ ಅನ್ನೋ ಹಿಪ್‌ಹಾಪ್ ಬೀಟಿಗೆ ಮಾಡಿದ್ದು, ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಗೆ 19ನೇ ಸ್ಥಾನದಲ್ಲಿ ಎಂಟ್ರಿ ಕೊಡ್ತು, ಆಮೇಲೆ ಬಿಲ್‌ಬೋರ್ಡ್‌ನೋರು ಇದ್ರಲ್ಲಿ ಇವತ್ತಿನ ಕಂಟ್ರಿ ಸಂಗೀತದ ಅಂಶ ಸಾಕಷ್ಟಿಲ್ಲ ಅಂತ ತೆಗೆದೇ ಹಾಕಿದ್ರು. ಗಲಾಟೆ ಆಯ್ತು, ಅವ್ನು ಕಪ್ಪು ಜನಾಂಗದೋನು ಅಂತ ಬಣ್ಣ ನೋಡಿ ತೆಗೆದ್ರು ಅಂತ ಜನ ಬೈದ್ರು, ಬಿಲ್ಲಿ ರೇ ಸೈರಸ್ ಅನ್ನೋ ಪಕ್ಕಾ ಕಂಟ್ರಿ ಗಾಯಕ ಬಂದು ರೀಮಿಕ್ಸಲ್ಲಿ ಹಾಡಿದ್ರು, ಹಾಡು ಹಾಟ್ 100ರಲ್ಲಿ 19 ವಾರ ನಂಬರ್ ಒನ್ ಕೂತು ಆವರೆಗಿನ ದಾಖಲೆನೇ ಮುರೀತು. ಅಷ್ಟಾದ್ರೂ ಕಂಟ್ರಿ ರೇಡಿಯೋ ಪಟ್ಟಿಲಿ ಅದು ಎಷ್ಟಕ್ಕೆ ನಿಂತ್ಕೊಳ್ತು ಗೊತ್ತಾ?

50.

ಡೆನ್ವರ್ ನಂಬರೇ. ನಾನು ಮೊದಲ ಸಲ ನೋಡಿದಾಗ ಬಿದ್ದು ಬಿದ್ದು ನಕ್ಕೆ.

ಈಗ ಎರಡು ಕಂಟ್ರಿ ಪಟ್ಟಿ ಯಾಕೆ ಅಂತ ಕೇಳ್ತೀರ. 2012ರ ಅಕ್ಟೋಬರಲ್ಲಿ ರೂಲ್ಸ್ ಚೇಂಜ್ ಮಾಡಿದ್ರು, ಹಾಟ್ ಕಂಟ್ರಿ ಸಾಂಗ್ಸ್ ಅನ್ನೋ ಮುಖ್ಯ ಪಟ್ಟಿಗೆ ಡೌನ್‌ಲೋಡು, ಸ್ಟ್ರೀಮಿಂಗು, ಬೇರೆ ಥರದ ಸ್ಟೇಷನ್ನಲ್ಲಿ ಹಾಕಿದ್ದೂ ಸೇರುತ್ತೆ, ಬರೀ ಕಂಟ್ರಿ ರೇಡಿಯೋ ಲೆಕ್ಕಕ್ಕೆ ಕಂಟ್ರಿ ಏರ್‌ಪ್ಲೇ ಅಂತ ಬೇರೆ. ಆಮೇಲೆ ದಾಖಲೆಗಳು ಹುಚ್ಚುಹುಚ್ಚಾಗಿ ಬೆಳೆದ್ವು, 2013ರಲ್ಲಿ ಫ್ಲೋರಿಡಾ ಜಾರ್ಜಿಯಾ ಲೈನ್ ಅವ್ರ 'ಕ್ರೂಸ್' 24 ವಾರ, 2017ರಲ್ಲಿ ಸ್ಯಾಮ್ ಹಂಟ್ ಅವ್ನ 'ಬಾಡಿ ಲೈಕ್ ಎ ಬ್ಯಾಕ್ ರೋಡ್' 34 ವಾರ, ಅದಾದ್ಮೇಲೆ ಬೀಬಿ ರೆಕ್ಸಾ ಜೊತೆ ಅದೇ ಫ್ಲೋರಿಡಾ ಜಾರ್ಜಿಯಾ ಲೈನ್ ಅವ್ರ 'ಮೆಂಟ್ ಟು ಬಿ' 50 ವಾರ. ಐವತ್ತು ವಾರ ಒಂದೇ ಹಾಡು ಮೇಲೆ! ವರ್ಷಕ್ಕೆ ಎರಡು ವಾರ ಕಮ್ಮಿ. ಪಾಪ್ ಸ್ಟೇಷನ್ನೋರು ಹಾಕಿದ್ದೆಲ್ಲಾ ಇದರ ಖಾತೆಗೆ ಬಿದ್ರೆ ಇನ್ನೇನಾಗುತ್ತೆ. ಡೆನ್ವರ್ ಈ ರೂಲ್ಸಲ್ಲಿ 1971ರಲ್ಲಿ ಇದ್ದಿದ್ರೆ ಕಂಟ್ರಿ ಪಟ್ಟಿಲೂ ಮೇಲೇ ಇರ್ತಿದ್ದ ಅನ್ಸುತ್ತೆ ನನಗೆ.

2024ರಲ್ಲಿ ಶಬೂಜಿ ಅವ್ನ 'ಎ ಬಾರ್ ಸಾಂಗ್' ಕೂಡ 19 ವಾರ ಹಾಟ್ 100ರಲ್ಲಿ ಮೇಲೆ ಇತ್ತು, ಅದನ್ನ ಮಾತ್ರ ಕಂಟ್ರಿ ರೇಡಿಯೋದೋರೂ ನಂಬರ್ ಒನ್ ಮಾಡಿದ್ರು. ಐದು ವರ್ಷದಲ್ಲಿ ಅಷ್ಟಾದ್ರೂ ಬದ್ಲಾಗೈತೆ.

ಚಳ್ಳಕೆರೆ_ಬಯಲು

ಇದೆಲ್ಲಾ ಸರಿ ಕಣ್ರಪ್ಪ, ಆದ್ರೆ ಚಾರ್ಟು ಚಾರ್ಟು ಅಂತ ಯಾಕಷ್ಟು ಬಡ್ಕೊಳ್ತೀರ. ನಮ್ಮ ಚಳ್ಳಕೆರೆ ಸೀಮೆ ಗೊಲ್ಲರಹಟ್ಟಿ ಸಿರಿಯಜ್ಜಿ ಸಾವಿರಗಟ್ಲೆ ಪದ ಬಾಯಲ್ಲೇ ಇಟ್ಕೊಂಡಿದ್ರು, ಹಂಪಿ ವಿಶ್ವವಿದ್ಯಾಲಯದೋರು ನಾಡೋಜ ಕೊಟ್ರು. ಯಾವ ಪಟ್ಟಿಲಿ ಎಷ್ಟನೇ ನಂಬರು ಅವ್ರದು? ಅಮೆರಿಕದೋರಿಗೆ ಎಣಿಸೋ ಚಟ, ನಿಮಗೆ ಅವ್ರು ಎಣಿಸಿದ್ದನ್ನ ಓದೋ ಚಟ.

ಹೊಳೆದಂಡೆ_ಹರಿಹರ

ಅಣ್ಣಾ ಸಿರಿಯಜ್ಜಿ ಪದ ಯಾರೂ ಮಾರೋಕೆ ಕೂತಿರ್ಲಿಲ್ಲ, ಅದಕ್ಕೇ ಎಣಿಸ್ಲಿಲ್ಲ. ಸಿಂಗಲ್ ಅನ್ನೋದೇ ಅಂಗಡಿ ಸರಕು, ಏಳು ಇಂಚಿನ ರೆಕಾರ್ಡು, ಒಂದು ಕಡೆ ಒಂದು ಹಾಡು, ಇನ್ನೊಂದು ಕಡೆ ಇನ್ನೊಂದು. ಯಾವುದು ಹೋಗ್ತೈತೆ ಅಂತ ಗೊತ್ತಾದ್ರೆ ಅಂಗಡಿಯೋನು ಅದನ್ನೇ ತರಿಸ್ತಾನೆ, ಜೂಕ್‌ಬಾಕ್ಸ್ (ಕಾಸು ಹಾಕಿದ್ರೆ ಹಾಡೋ ಮಿಷಿನ್ನು) ಇಟ್ಟೋನು ಅದನ್ನೇ ಹಾಕ್ತಾನೆ. 1944ರಲ್ಲಿ ಬಿಲ್‌ಬೋರ್ಡ್‌ನೋರ ಮೊದಲ ಕಂಟ್ರಿ ಪಟ್ಟಿ ಬಂದಿದ್ದೇ ಜೂಕ್‌ಬಾಕ್ಸಲ್ಲಿ ಜಾಸ್ತಿ ಓಡೋ ಹಾಡಿನ ಲೆಕ್ಕ. ಆಗ ಅದಕ್ಕೆ ಕಂಟ್ರಿ ಅಂತ ಹೆಸರೂ ಇರ್ಲಿಲ್ಲ, ಫೋಕ್ ಅಂತಿದ್ರು. ಅಂದ್ರೆ ಜಾನಪದನೇ. ಮುಂದೆ ಅದೇ ಮನೆಯೋರು ಡೆನ್ವರ್‌ಗೆ ನೀನು ಫೋಕು, ಆಚೆ ಇರು ಅಂದ್ರು ನೋಡಿ, ಅದು ಕಾಮಿಡಿ.

ಚಳ್ಳಕೆರೆ_ಬಯಲು

ಆ ಒಂದು ಪಾಯಿಂಟ್ ಒಪ್ಕೊಂಡೆ. ಉಳಿದಿದ್ದು ಇಲ್ಲ.

ಆರು_ತಂತಿ

ಎಲ್ರೂ ಚಾರ್ಟ್ ಮಾತಾಡಿದ್ರಿ, ಪಾಪ ಅವ್ರು ಸ್ಕೇಲ್ ಕೇಳಿದ್ದು ಯಾರೂ ಹೇಳ್ಲಿಲ್ಲ. ನಾನು ದುರ್ಗದಲ್ಲಿ ಗಿಟಾರ್ ಹೇಳ್ಕೊಡ್ತೀನಿ, ಬರೋ ಹುಡುಗ್ರಲ್ಲಿ ಮುಕ್ಕಾಲು ಪಾಲು ಇದನ್ನೇ ಕೇಳ್ತಾರೆ.

ಒರಿಜಿನಲ್ ಎ ಮೇಜರ್. ಚರಣಕ್ಕೆ ಎ, ಎಫ್ ಶಾರ್ಪ್ ಮೈನರ್, ಇ, ಡಿ ಅಷ್ಟೇ, ಅದಕ್ಕೇ ಹಾಸ್ಟೆಲ್ಲಲ್ಲಿ ಗಿಟಾರ್ ಹಿಡ್ದೋರೆಲ್ಲಾ ಇದನ್ನ ನುಡಿಸೋದು. ಒಂದೇ ಒಂದು ಕಡೆ ಜನ ಎಡವ್ತಾರೆ, ಎರಡನೇ ಪಲ್ಲವಿ ಆದ್ಮೇಲೆ ಬೇರೆ ರಾಗಕ್ಕೆ ತಿರುಗೋ ಭಾಗ ಬರುತ್ತಲ್ಲ, ಅಲ್ಲಿ ಜಿ ಮೇಜರ್ ಬರುತ್ತೆ, ಎ ಸ್ಕೇಲಲ್ಲಿ ಇಲ್ಲದ ಕಾರ್ಡು. ಕೀಬೋರ್ಡಲ್ಲಿ ಅಭ್ಯಾಸಕ್ಕೆ ಜಿ ಶಾರ್ಪ್ ಮೇಲೆ ಬೆರಳು ಹೋಗ್ಬಿಡುತ್ತೆ, ಹೋದ್ರೆ ಆ ಜಾಗದ ಮಜಾನೇ ಹೋಯ್ತು, ಎದೆ ಸ್ವಲ್ಪ ಜಗ್ಗೋದು ಆ ಜಿ ಇಂದಾನೇ. ಹುಡುಗ್ರೆಲ್ಲಾ ಸೇರಿ ಕಿರುಚ್ತಾರೆ ಅಂದ್ರೆ ಜಿ ಸ್ಕೇಲಿಗೆ ಇಳಿಸ್ಕೊಳ್ಳಿ, ಪಲ್ಲವಿ ಮೇಲಿನ ಸ್ವರ ಎಲ್ರಿಗೂ ಸಿಗುತ್ತೆ, ಆಗ ಆ ಜಿ ಇದ್ದ ಜಾಗಕ್ಕೆ ಎಫ್ ಮೇಜರ್.

ಇನ್ನೊಂದು, ಓಡಿಸ್ಬೇಡಿ. ಆರ್ಕೆಸ್ಟ್ರಾದೋರು ಇದಕ್ಕೆ ಡಿಸ್ಕೋ ಲೂಪ್ ಹಾಕ್ತಾರೆ, ಕೇಳೋಕಾಗಲ್ಲ. ರೆಕಾರ್ಡಲ್ಲಿ ನಿಧಾನಕ್ಕೆ ಹೋಗುತ್ತೆ, ಬ್ಯಾಂಜೋ ಹಿಂದೆ ಟಕಟಕ ಅಂತ ಇರುತ್ತೆ, ಸ್ಟೀಲ್ ಗಿಟಾರ್ ಜಾರುತ್ತೆ. ಪಲ್ಲವಿಲಿ ಡೆನ್ವರ್ ಒಬ್ನೇ ಅಲ್ಲ ಹಾಡೋದು, ಡ್ಯಾನೋಫ್, ನಿವರ್ಟ್ ಇಬ್ರೂ ಹಿಂದೆ ಸೇರ್ಕೊಳ್ತಾರೆ, ಸಿಂಗಲ್ ಮೇಲೆ ಅವ್ರ ಟೀಮ್ ಹೆಸರೂ ಇತ್ತು, ಫ್ಯಾಟ್ ಸಿಟಿ ಅಂತ. ಹಂಗಾಗಿ ನಿಮ್ಮ ನಿರೂಪಕಿಗೆ ಹಾಡೋಕೆ ಬಂದ್ರೆ ಪಲ್ಲವಿಲಿ ಮೇಲಿನ ದನಿ ಅವ್ರಿಗೇ ಕೊಡಿ.

ಕೀಬೋರ್ಡ್_ದಾವಣಗೆರೆ

ಎಲ್ರಿಗೂ ದೊಡ್ಡ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಇವತ್ತು ಸಾಯಂಕಾಲ ರಿಹರ್ಸಲಲ್ಲಿ ಎಲ್ಲಾ ಓದಿ ಹೇಳಿದೆ. ನಿರೂಪಕಿ ಈಗ ಹಿಂಗೆ ಬರ್ಕೊಂಡವ್ಳೆ: "1971ರಲ್ಲಿ ಇಡೀ ಅಮೆರಿಕ ಈ ಹಾಡನ್ನ ಎರಡನೇ ಸ್ಥಾನಕ್ಕೆ ಎತ್ತಿ ಹಿಡೀತು, ಕಂಟ್ರಿ ರೇಡಿಯೋದವರು ಮಾತ್ರ ಐವತ್ತರಲ್ಲೇ ನಿಲ್ಲಿಸಿದರು, 2014ರಲ್ಲಿ ವೆಸ್ಟ್ ವರ್ಜೀನಿಯಾ ಸರ್ಕಾರ ಇದನ್ನ ತನ್ನ ಅಧಿಕೃತ ರಾಜ್ಯಗೀತೆಗಳಲ್ಲಿ ಒಂದು ಮಾಡಿಕೊಂಡಿತು." ಆ 2014ರದ್ದು ಅವ್ಳೇ ಹುಡ್ಕಿದ್ದು. ಚೀಟಿ ಸುಟ್ಟ ಕಥೆ ಮದುವೆ ಮನೆಲಿ ಬೆಂಕಿ ಮಾತು ಬೇಡ ಅಂತ ಬಿಟ್ವಿ ಟೀಚರ್, ಬೇಜಾರಾಗ್ಬೇಡಿ.

ಸ್ಕೇಲು ಜಿ ಮಾಡ್ಕೊಂಡ್ವಿ, ಎಫ್ ಮೇಜರ್ ಜಾಗ ಗುರುತು ಹಾಕ್ಕೊಂಡೆ. ನಮ್ಮ ಕೀಬೋರ್ಡಲ್ಲಿ ಬ್ಯಾಂಜೋ ಟೋನ್ ಐತೆ ಆದ್ರೆ ಡಬ್ಬಾ ಬಡಿದಂಗೆ ಕೇಳುತ್ತೆ, ಯಾರಾದ್ರೂ ಒಳ್ಳೆ ಸ್ಯಾಂಪಲ್ ಇದ್ರೆ ಕಳ್ಸಿ.

ಟೀಚರಮ್ಮ_ಹೊಳಲ್ಕೆರೆ

ಬೇಜಾರೇನಿಲ್ಲಪ್ಪ, ಅದನ್ನ ಕಾಲೇಜ್ ಡೇಗೆ ಇಟ್ಕೋ. 2014ರದ್ದು ಹುಡ್ಕಿದ್ಳಲ್ಲ, ಜಾಣೆ.

ಆರು_ತಂತಿ

ಬ್ಯಾಂಜೋ ಟೋನ್ ಬಿಟ್ಹಾಕಿ, ಮ್ಯಾಂಡೊಲಿನ್ ನುಡಿಸೋರು ಯಾರಾದ್ರೂ ಸಿಕ್ರೆ ಕರ್ಕೊಳ್ಳಿ, ದಾವಣಗೆರೆ ಹಳೇ ಆರ್ಕೆಸ್ಟ್ರಾಗಳಲ್ಲಿ ಇದ್ದೇ ಇರ್ತಾರೆ. ಅದೂ ಇಲ್ಲ ಅಂದ್ರೆ ಅಕೌಸ್ಟಿಕ್ ಗಿಟಾರಿಗೆ ಏಳನೇ ಫ್ರೆಟ್ಟಲ್ಲಿ ಕೇಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ ಒಂದೊಂದೇ ತಂತಿ ಮೀಟಿಸಿ, ಜಿ ಸ್ಕೇಲಿಗೆ ಸಿ ಕಾರ್ಡಿನ ಬೆರಳು ಹಿಡಿದ್ರೆ ಸರಿಯಾಗುತ್ತೆ.